ಇಮಾಮನ ಕೆಲಸಕ್ಕಾಗಿ ಬ್ರಾಡ್‌ಫರ್ಡಿಗೆ

ಸಿದ್ಧೇಶ್ವರ ಗುಡಿಯ ಓಣಿ

ಇಂಗ್ಲೆಂಡಿಗೆ ಹೋಗಿಬಂದೆ ಎಂದರೆ ಜನ ಮೊದಲು ಕೇಳುವುದು ಚಳಿ ಹೇಗಿತ್ತು ಎಂದು. ಆಮೇಲೆ ಊಟಕ್ಕೆ ಏನು ಮಾಡಿದಿರಿ ಎಂದು. ರಾಣಿಯನ್ನು ನೋಡಿದಿರಾ ಎಂದೂ ಒಬ್ಬರು ಕೇಳಿದರು. ಯಾಕೆ ಹೋಗಿದ್ದಿರಿ ಎಂದು ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ. ಟಿಕೋಟಾದ ಇಮಾಮಸಾಬ ಎಂಬ ಕಣ್ಣಿಲ್ಲದ ತರುಣ ತನಗೆ ಸಿಕ್ಕ ಕೆಲಸದಲ್ಲಿ ಉಳಿಯಬೇಕು, ಹಾಗೆ ಉಳಿಸುವುದು ಹೇಗೆಂದು ಬಲ್ಲವರಿಂದ ಕಲಿತು ಬರಬೇಕು, ಇಷ್ಟೇ ಆಸೆಯಿಂದ ನಾನು ಸಮುದ್ರ ದಾಟಿದ್ದು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಒಂದೆರಡು ವರ್ಷವಾಗಿತ್ತು. ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಕಣ್ಣು ಕೈ ಕಾಲು ಊನವಾದವರಿಗೆ ಕೈಕೆಲಸ ಕಲಿಸುವ ಸಣ್ಣ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ಓಣಿಗೆಲ್ಲ ಅಕ್ಕೋರು. ಕಲಿಸುವುದು ಅಷ್ಟು ಕಷ್ಟವಲ್ಲ. ಕಲಿತವರಿಗೆ ಕೆಲಸ ಹುಡುಕುವುದು ಕಷ್ಟ. ಅದಕ್ಕೂ ಕಷ್ಟವೆಂದರೆ ಅವರು ಆ ಕೆಲಸದಲ್ಲಿ ನಾಲ್ಕು ದಿನ ನಿಲ್ಲುವುದು. ಕಳ್ಳಕವಟಗಿಯ ಒಬ್ಬನಿಗೆ ಒಂದು ಕೈ ಇರಲಿಲ್ಲ. ಅವನನ್ನು ಕಿರಾಣಿ ಅಂಗಡಿಯೊಂದಕ್ಕೆ ಸೇರಿಸಿದ್ದೆ. ಅಂಗಡಿಯವರು ಪಗಾರ ಕೊಟ್ಟರು, ಚಹಾ ಕೊಟ್ಟರು, ಕುಳಿತುಕೊಳ್ಳಲು ಸ್ಟೂಲು ಕೊಟ್ಟರು. ಆದರೆ ಒಂದು ಬೆಲ್ಲದ ಪೆಂಟೆಯನ್ನೂ ಮುಟ್ಟಗೊಡಲಿಲ್ಲ. "ಪಾಪ, ಅವನ ಕಡೆ ಏನು ಮಾಡಸೂದ್ರಿ" ಎನ್ನುತ್ತಿದ್ದರು. ಬಾಗಿಲಲ್ಲಿ ಕೂತು ಕೂತು ಬೇಸತ್ತು ಅವನು ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟ.

ಇಮಾಮನ ವಿಷಯದಲ್ಲಿ ಹಾಗಾಗಬಾರದೆಂದು ನಾನು ಹಟ ತೊಟ್ಟಿದ್ದೆ. ಅಥಣಿ ರಸ್ತೆಯ ಎಣ್ಣೆ ಗಿರಣಿಯಲ್ಲಿ ಶೇಂಗಾ ಹಿಂಡಿ ತುಂಬಿದ ಚೀಲಗಳ ಬಾಯಿ ಹೊಲಿಯುವ ಕೆಲಸ ಅವನದು. ದಬ್ಬಣ ಬೇಕು, ಸುತಳಿ ಬೇಕು, ಕಣ್ಣು ಬೇಕಿಲ್ಲ. ಟಿಕೋಟಾದಿಂದ ಬರುವ ಬಸ್ಸು ಗಿರಣಿಯ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಗಿರಣಿಯ ಸಾಹುಕಾರರು ಒಪ್ಪುವಾಗ ಒಂದು ಮಾತು ಹೇಳಿದ್ದರು: "ಒಂದು ವರ್ಷ ಇಂವ ನಿಂತು ತೋರಸ್ಲಿ ಅಕ್ಕೋರ. ಆಮ್ಯಾಲೆ ನಿಮ್ಮ ಸಾಲಿಯವ್ರು ಎಷ್ಟು ಮಂದಿ ಇದ್ರೂ ಕಳಸ್ರಿ." ಹೀಗಾಗಿ ಇಮಾಮನ ದಬ್ಬಣದ ತುದಿಯಲ್ಲಿ ಇನ್ನೂ ಹತ್ತಾರು ಜನರ ಅನ್ನ ತೂಗುತ್ತಿತ್ತು. ನಾನು ವಾರಕ್ಕೊಮ್ಮೆಯಾದರೂ ಗಿರಣಿಗೆ ಹೋಗಿ ನೋಡಿ ಬರುತ್ತಿದ್ದೆ.

ಅಷ್ಟರಲ್ಲಿ ಇಂಗ್ಲೆಂಡಿನ ಧರ್ಮಸಂಸ್ಥೆಯೊಂದು ನಮ್ಮಂಥವರನ್ನು ಕರೆಸಿ ಎರಡು ತಿಂಗಳು ಅಲ್ಲಿಯ ಕೆಲಸ ತೋರಿಸುವುದೆಂದು ತಿಳಿಯಿತು. ಅರ್ಜಿ ಹಾಕಿದೆ, ಕರೆ ಬಂತು. ವಿಜಾಪುರದಲ್ಲಿ ಒಬ್ಬ ಹೆಣ್ಣುಮಗಳು ವಿಮಾನ ಹತ್ತುತ್ತಾಳೆಂದರೆ ಸುಮ್ಮನೆ ಕಳಿಸುತ್ತಾರೆಯೇ? ಸತ್ಕಾರ ಆಗಲೇಬೇಕು. ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿ, ಹಾರ ತುರಾಯಿ ತಂದು, ನನ್ನನ್ನು ಮದುಮಗಳ ಹಾಗೆ ಕೂಡಿಸಿದರು. ಇಮಾಮನೂ ಎರಡು ಮಾತಾಡಲಿ ಎಂದು ಯಾರೋ ಅವನನ್ನು ಮೇಲೆ ಹತ್ತಿಸಿದರು. ಅವನು ಮೈಕನ್ನು ಮುಟ್ಟಿ ನೋಡಿ, ಎದೆ ಉಬ್ಬಿಸಿ ಹೇಳಿದ:

"ಎಲ್ಲಾರಿಗೂ ಸಲಾಮ್ರಿ. ಮದಲ ನಮ್ಮಣ್ಣ ನನಗ ಊಟಕ್ಕ ನೀಡತಿದ್ದ. ಈಗ ನನ್ನ ದುಡಿಮ್ಯಾಗ ನಮ್ಮನಿ ಒಲಿ ಹತ್ತತೈತಿ. ಅಕ್ಕೋರು ಚಲೋತ್ನ್ಯಾಗ ಹೋಗಿ ಬರ್ಲಿ."

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅವನ ಅಣ್ಣ ಹುಸೇನಸಾಬ ಕೂತಿದ್ದ. ಟಿಕೋಟಾದ ಬಜಾರದಲ್ಲಿ ಅವನದು ಹೊಲಿಗೆ ಅಂಗಡಿ. ತಂದೆತಾಯಿ ತೀರಿದ ಮೇಲೆ ತಮ್ಮನನ್ನೂ ತಂಗಿ ಖಾತೂನಳನ್ನೂ ಸಾಕಿದವನು ಅವನೇ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವನು ತಲೆ ಬಗ್ಗಿಸಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಖುಷಿಗೆ ಕಣ್ಣು ತುಂಬಿರಬೇಕು ಎಂದುಕೊಂಡೆ. ನನ್ನ ಕಣ್ಣಂತೂ ತುಂಬಿತ್ತು.

ಬ್ರಾಡ್‌ಫರ್ಡ್, ಮೊದಲ ವಾರ

ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಮನೆ, ಚರ್ಚು, ಕಚೇರಿ ಎಲ್ಲವೂ ಕಲ್ಲಿನವು, ಎಲ್ಲವೂ ಹೊಗೆ ಕುಡಿದು ಕಪ್ಪಾದವು. ನಮ್ಮ ಕೋಟೆಗೋಡೆಯೂ ಕಪ್ಪೇ, ಆದರೆ ಅದರ ಮೇಲೆ ಬಿಸಿಲು ಬೀಳುತ್ತದೆ. ಅಲ್ಲಿ ಬೀಳುವುದು ಮಳೆ. ಮಳೆಯೆಂದರೂ ನಮ್ಮಲ್ಲಿಯ ಹಾಗೆ ಹೊಡೆದು ಹೋಗುವುದಲ್ಲ. ಬರಲೋ ಬೇಡವೋ ಎಂದು ದಿನವಿಡೀ ಜಿನುಗುತ್ತ ಇರುವುದು. ಆ ಮಳೆಗೆ ಅಲ್ಲಿಯವರು ಪರಸ್ಪರ ಕ್ಷಮೆ ಕೇಳುತ್ತಾರೆ. "ಈ ಹವೆಗೆ ಕ್ಷಮಿಸಿ" ಎಂದು ಮನೆಯೊಡತಿ ನನಗೆ ಪ್ರತಿದಿನ ಹೇಳುತ್ತಿದ್ದಳು, ಮಳೆಯನ್ನು ಅವಳೇ ಸುರಿಸಿದ ಹಾಗೆ.

ಊರಿಂದ, ಹಲಗೆಯಂತೆ ಗಟ್ಟಿಯಾಗಿ ಒಣಗಿದ ಕಟಕ ರೊಟ್ಟಿಯ ಗಂಟು ಒಯ್ದಿದ್ದೆ. ಮೊದಲ ಬೆಳಿಗ್ಗೆ ಅಡಿಗೆಮನೆಗೆ ಹೋಗಿ ನೋಡಿದರೆ ಮನೆಯೊಡತಿ ನನ್ನ ಜೋಳದ ರೊಟ್ಟಿಯೊಂದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕುದಿಯುವ ಚಹಾದ ಪಾತ್ರೆ ಇಟ್ಟಿದ್ದಾಳೆ! ಬಿಸಿ ಪಾತ್ರೆಯ ಕೆಳಗೆ ಇಡಲು ನಾನು ಉಡುಗೊರೆ ತಂದಿದ್ದೇನೆಂದು ತಿಳಿದಿದ್ದಳು. ನಾನು ಅದನ್ನೇ ಎತ್ತಿ ಮುರಿದು ಶೇಂಗಾ ಚಟ್ನಿ ಹಚ್ಚಿ ಅವಳ ಮುಂದೆಯೇ ತಿಂದೆ. ಅವಳ ಮುಖ ನೋಡಬೇಕಿತ್ತು. ಅಂದಿನಿಂದ ನಾನು ಬಡತನದಿಂದ ಪೀಠೋಪಕರಣ ತಿನ್ನುವ ದೇಶದವಳೆಂದು ಅವಳು ನಂಬಿರಬೇಕು, ದಿನಕ್ಕೊಂದು ಮೊಟ್ಟೆ ಹೆಚ್ಚಿಗೆ ಬೇಯಿಸತೊಡಗಿದಳು. ನಾನು ಮೊಟ್ಟೆ ತಿನ್ನುವುದಿಲ್ಲ ಎಂದು ಹೇಳಲು ಧೈರ್ಯವಾಗಲಿಲ್ಲ. ಕಿಟಕಿಯಿಂದ ಹಕ್ಕಿಗಳಿಗೆ ಹಾಕುತ್ತಿದ್ದೆ.

ನನಗೆ ಕೆಲಸ ತೋರಿಸಲು ನೇಮಿಸಿದ್ದು ಮಿಸ್ ಪಾರ್ಕರ್ ಎಂಬ ಐವತ್ತು ದಾಟಿದ ಹೆಂಗಸನ್ನು. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದೇ ಅವಳ ಕೆಲಸ. ದಪ್ಪ ಅಟ್ಟೆಯ ಬೂಟು, ಬಾಯಲ್ಲಿ ಸಿಗರೇಟು, ಬೈಗುಳ ಬೆರೆತ ಮಾತು. ಅವಳ ಸಣ್ಣ ಕಾರು ಬೆಳಿಗ್ಗೆ ಎಂದೂ ತಾನಾಗಿ ಹೊರಡುತ್ತಿರಲಿಲ್ಲ. ಮೊದಲ ದಿನವೇ "ಇಳಿದು ತಳ್ಳು" ಎಂದಳು. ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನಡುಬೀದಿಯಲ್ಲೇ ಕಾರು ತಳ್ಳಿದೆ. ಒಬ್ಬನೂ ನಿಂತು ನೋಡಲಿಲ್ಲ, ಒಬ್ಬನೂ ಕೈಜೋಡಿಸಲಿಲ್ಲ. ವಿಜಾಪುರದಲ್ಲಾದರೆ ಹತ್ತು ಮಂದಿ ತಳ್ಳಿ ಇಪ್ಪತ್ತು ಮಂದಿ ಬುದ್ಧಿ ಹೇಳುತ್ತಿದ್ದರು. ಇವರಿಗೆ ಎದೆಯಲ್ಲಿ ಇರುವುದು ಕಲ್ಲೇ ಎಂದು ಬೈದುಕೊಂಡೆ.

ಉಣ್ಣೆಯ ಗಿರಣಿ

ಮಿಸ್ ಪಾರ್ಕರ್ ನನ್ನನ್ನು ಒಂದು ದೊಡ್ಡ ಗಿರಣಿಗೆ ಕರೆದೊಯ್ದಳು. ನೂಲಿನ ಉರುಳೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವ ಕಡೆ ಟಾಮ್ ಎಂಬ ಕುರುಡ ಇದ್ದ. ಅವನನ್ನು ಅಲ್ಲಿಗೆ ಸೇರಿಸಿದ್ದು ಅವಳೇ. ನಲವತ್ತರ ಗಂಡಸು, ಗುಂಡು ಮುಖ. ಅವನ ಕೈ ನೋಡುತ್ತ ನನಗೆ ಇಮಾಮನ ಕೈಯೇ ನೆನಪಾಗಿ ಸಂತೋಷವಾಯಿತು.

ಚಹಾದ ಗಂಟೆ ಹೊಡೆಯಿತು. ಎಲ್ಲರೂ ಉದ್ದನೆಯ ಮೇಜಿಗೆ ಬಂದು ಕೂತರು. ಟಾಮನ ಪಕ್ಕದವನು ಇತರರಿಗೆ ಕಣ್ಣು ಮಿಟುಕಿಸಿ, ಟಾಮನ ಲೋಟಕ್ಕೆ ಸಕ್ಕರೆಯ ಬದಲು ಎರಡು ಚಮಚ ಉಪ್ಪು ಹಾಕಿ ಕಲಕಿದ. ನನಗೆ ಮೊದಲು ಅರ್ಥವಾಗಲಿಲ್ಲ. ಟಾಮ್ ಒಂದು ದೊಡ್ಡ ಗುಟುಕು ಎಳೆದ, ಫೂ ಎಂದು ಉಗಿದ, ನಾನು ಇಲ್ಲಿ ಬರೆಯಲಾಗದ ಮಾತಿನಿಂದ ಬೈದ. ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು.

ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತು, ನನಗೆ ಬರುವ ಇಂಗ್ಲಿಷಿನಲ್ಲಿ, ನಾಚಿಕೆಯಾಗುವುದಿಲ್ಲವೇ ನಿಮಗೆ, ಕಣ್ಣಿಲ್ಲದವನನ್ನು ಹೀಗೆ ಆಡಿಸುತ್ತೀರಲ್ಲ, ನೀವು ಮನುಷ್ಯರೇ ಎಂದು ಕೇಳಿದೆ. ನಗು ಒಮ್ಮೆಲೇ ನಿಂತಿತು. ಎಲ್ಲರೂ ತಮ್ಮ ತಮ್ಮ ಲೋಟ ನೋಡತೊಡಗಿದರು. ಆಗ ಟಾಮ್ ನನ್ನ ದನಿ ಬಂದ ಕಡೆಗೆ ತಿರುಗಿದ. ಅವನ ಮುಖ ಕೆಂಪಾಗಿತ್ತು. ಸಿಟ್ಟು ನನ್ನ ಮೇಲೆ.

"ಅಮ್ಮಾ, ನೀವು ಯಾರೋ ನನಗೆ ಗೊತ್ತಿಲ್ಲ," ಎಂದ. "ಇಲ್ಲಿ ಎಲ್ಲರ ಚಹಾಕ್ಕೂ ಉಪ್ಪು ಬೀಳುತ್ತದೆ. ನಾನು ಸೇರಿದ ಮೊದಲ ಆರು ತಿಂಗಳು ನನ್ನ ಲೋಟಕ್ಕೆ ಮಾತ್ರ ಯಾರೂ ಹಾಕಲಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ನನ್ನ ಪೆಟ್ಟಿಗೆ ತಾವೇ ಎತ್ತಿಡುತ್ತಿದ್ದರು. ಆ ಆರು ತಿಂಗಳು ನಾನು ಸಂಜೆ ಮನೆಗೆ ಹೋಗುತ್ತ ಅಳುತ್ತಿದ್ದೆ, ಕೆಲಸ ಬಿಟ್ಟೇಬಿಡುತ್ತೇನೆ ಅನ್ನುತ್ತಿದ್ದೆ. ಮಿಸ್ ಪಾರ್ಕರನ್ನೇ ಕೇಳಿ."

ಮಿಸ್ ಪಾರ್ಕರ್ ಹೌದೆಂದು ತಲೆಯಾಡಿಸಿದಳು. ಆ ಮೊದಲ ವರ್ಷವೆಲ್ಲ ವಾರ ತಪ್ಪದೆ ಅವಳು ಗಿರಣಿಗೆ ಬಂದಿದ್ದಳಂತೆ. ಬಂದು ಮಾಡುತ್ತಿದ್ದ ಕೆಲಸವೆಂದರೆ ಇಷ್ಟೇ: ಅವನಿಗೆ ನೆರವಾಗುವವರ ಕೈ ಮೆಲ್ಲಗೆ ಹಿಂದಕ್ಕೆ ಸರಿಸುವುದು, ಮೇಸ್ತ್ರಿಗೆ ಇವನು ತಪ್ಪು ಮಾಡಿದರೆ ಬೈಯಿರಿ ಎಂದು ಹೇಳುವುದು, ಟಾಮನ ಅಕ್ಕನ ಮನೆಗೆ ಹೋಗಿ ಅವಳ ಅಂಜಿಕೆ ಬಿಡಿಸುವುದು.

ನಾನು ಕೂತೆ. ಇಮಾಮನ ಗಿರಣಿ ಕಣ್ಣ ಮುಂದೆ ಬಂತು. ಅಲ್ಲಿ ಹಮಾಲರು ಬರುತ್ತ ಹೋಗುತ್ತ ಅವನ ಜೇಬಿಗೆ ಹುರಿದ ಶೇಂಗಾ, ಬೆಲ್ಲ ತುಂಬುತ್ತಿದ್ದರು. ಅಮಾವಾಸ್ಯೆ ಬಂದರೆ ಸಾಹುಕಾರರ ಮನೆಯವರು ಮೊದಲು ಅವನಿಗೆ ಹೋಳಿಗೆ ಕೊಟ್ಟು ಆಮೇಲೆ ಉಳಿದವರಿಗೆ ಕೊಡುತ್ತಿದ್ದರು. ಅದನ್ನು ಕಂಡು ಎಂಥ ಒಳ್ಳೆಯ ಜನ ಎಂದು ನಾನು ಹಿಗ್ಗುತ್ತಿದ್ದೆ. ಈಗ, ಅವನನ್ನು ಯಾರಾದರೂ ಒಮ್ಮೆಯಾದರೂ ಬೈದದ್ದು ಕೇಳಿದ್ದೇನೆಯೇ ಎಂದು ನೆನಪಿಸಿಕೊಳ್ಳತೊಡಗಿದೆ.

ಮಿಸ್ ಪಾರ್ಕರಳ ಕಾರು

ಒಂದು ಸಂಜೆ ಕಾರಿನಲ್ಲಿ ಕೂತು ಮಿಸ್ ಪಾರ್ಕರ್ ಕೇಳಿದಳು:

"ನಿನ್ನ ಹುಡುಗ ಕೆಲಸಕ್ಕೆ ಸೇರಿ ಎಷ್ಟಾಯಿತು?"

"ಅರ್ಧ ವರ್ಷವೂ ಆಗಿಲ್ಲ."

"ನೀನು ಇಲ್ಲಿದ್ದೀ. ಅವನ ಕಡೆ ಈಗ ಯಾರು ಹೋಗುತ್ತಾರೆ?"

"ಗಿರಣಿಯ ಮಾಲಕರು ಬಹಳ ಒಳ್ಳೆಯವರು."

"ಅದನ್ನು ನಾನು ಕೇಳಲಿಲ್ಲ."

ನಮ್ಮ ಶಾಲೆಯಲ್ಲಿ ಇರುವವರೇ ಮೂವರು. ನಾನು ಬಿಟ್ಟರೆ ಹೋಗುವವರಿಲ್ಲ ಎಂದೆ. ಅವಳು ಸಿಗರೇಟು ಹಚ್ಚಿದಳು. ನಾನು ಕಲಿಯಲು ಬಂದ ಪಾಠವೇ ಮೊದಲ ವರ್ಷ ಬಿಟ್ಟುಹೋಗಬೇಡ ಎಂಬುದು; ಅದನ್ನು ಕಲಿಯಲಿಕ್ಕೆಂದೇ ನಾನು ಬಿಟ್ಟುಬಂದಿದ್ದೆ. ನಗು ಬರಬೇಕಿತ್ತು. ಬರಲಿಲ್ಲ. ಆ ರಾತ್ರಿಯೇ ಊರಿಗೆ ಹೊರಟುಬಿಡೋಣವೆನಿಸಿತು. ಟಿಕೇಟು ನನ್ನ ಕೈಯಲ್ಲಿರಲಿಲ್ಲ, ಸಂಸ್ಥೆಯ ಕೈಯಲ್ಲಿತ್ತು.

ಹಾಗೆಂದು ಅಲ್ಲಿ ಎಲ್ಲವೂ ಸುಖವಾಗಿತ್ತು ಎಂದು ಯಾರೂ ತಿಳಿಯಬಾರದು. ನಾನು ಹೊರಡುವ ಮುನ್ನ ಟಾಮನ ಗಿರಣಿ ಮುಚ್ಚುತ್ತದೆಂಬ ಸುದ್ದಿ ಬಂತು. ಆ ಊರಿನಲ್ಲಿ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದವು. ಕಣ್ಣಿದ್ದವರಿಗೇ ಕೆಲಸವಿಲ್ಲದ ಕಾಲ ಬರುತ್ತಿದೆ, ಇನ್ನು ನನ್ನ ಜನರನ್ನು ಯಾವ ಬಾಗಿಲಿಗೆ ಒಯ್ಯಲಿ ಎಂದು ಮಿಸ್ ಪಾರ್ಕರ್ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತಳು. ನಮ್ಮಲ್ಲಾದರೆ ಅವಳ ಬೆನ್ನು ಸವರುತ್ತಿದ್ದೆ. ಅಲ್ಲಿ ಹಾಗೆ ಮಾಡುತ್ತಾರೋ ಇಲ್ಲವೋ ತಿಳಿಯಲಿಲ್ಲ.

ಟಾಮನಿಗೆ ಹೋಗಿಬರುತ್ತೇನೆಂದು ಹೇಳಲು ಹೋದಾಗ ಅವನು ಸಿಟ್ಟು ಮರೆತಿದ್ದ. "ಇನ್ನೊಂದು ಕೆಲಸ ಸಿಕ್ಕರೂ," ಎಂದ, "ಮತ್ತೆ ಆರು ತಿಂಗಳು ಉಪ್ಪಿಲ್ಲದ ಚಹಾ ಕುಡಿಯಬೇಕಲ್ಲ ಅಮ್ಮಾ. ಆ ಶಕ್ತಿ ನನ್ನಲ್ಲಿ ಉಳಿದಿಲ್ಲ." ಆಮೇಲೆ ಅವನಿಗೆ ಏನಾಯಿತೋ ನನಗೆ ಗೊತ್ತಿಲ್ಲ.

ಅಥಣಿ ರಸ್ತೆ

ಮುಂಬಯಿಗೆ ಇಳಿದು, ಸೊಲ್ಲಾಪುರದಲ್ಲಿ ಸಣ್ಣ ರೈಲುಗಾಡಿ ಹಿಡಿದು ವಿಜಾಪುರ ಸೇರಿದೆ. ಮರುದಿನ ಬೆಳಿಗ್ಗೆ, ಬಂದವರಿಗೆ ಚಹಾ ಕೊಡುವುದನ್ನೂ ಬಿಟ್ಟು, ಗಿರಣಿಗೆ ಹೋದೆ. ಹಿಂಡಿಯ ಘಮ ಗೇಟಿನಲ್ಲೇ ಎದುರುಗೊಂಡಿತು. ಒಳಗೆ ಇಮಾಮ ಕೂಡುತ್ತಿದ್ದ ಕಂಬದ ಬುಡದಲ್ಲಿ ಬೇರೆ ಯಾರೋ ಕೂತು ಚೀಲ ಹೊಲಿಯುತ್ತಿದ್ದ. ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಕಣ್ಣುಗಳಿದ್ದವು.

ಸಾಹುಕಾರರು ಗಾದಿಯಿಂದ ಎದ್ದೇ ಬಂದರು.

"ನಾ ಬಿಡಸಿಲ್ರಿ ಅಕ್ಕೋರ. ದೇವರಾಣಿ ಬಿಡಸಿಲ್ಲ. ಅವರಣ್ಣ ಬಂದು ಕೈ ಮುಗದು, ಇನ್ನ ಕಳಸೂದಿಲ್ರಿ ಅಂತ ಹೇಳಿ ಕರಕೊಂಡು ಹೋದ."

"ಯಾಕಂತ ಕೇಳಲಿಲ್ಲೇನ್ರಿ?"

"ಏನಂತ ಕೇಳೂದ್ರಿ? ಅಣ್ಣ ಆದಾಂವ ತಮ್ಮನ್ನ ಮನ್ಯಾಗ ಕುಂಡ್ರಿಸಿ ಸಾಕ್ತೇನಿ ಅಂದ್ರ ಅಡ್ಡ ಬರಾಕ ನಾ ಯಾರು? ಖರೇ ಹೇಳ್ಬೇಕಂದ್ರ ನನಗೂ ಹಗುರಾತ್ರಿ. ನಮ್ಮ ಬೀಗರು ಬಂದಾಗ ಏನಂದ್ರು ಗೊತ್ತೇನು? ಇಷ್ಟು ಸಿರಿವಂತ ಇದ್ದು ಒಬ್ಬ ಕುರುಡನ ಕಡೆ ದುಡಿಸ್ಕೊಂಡು ತಿಂತೀಯಲ್ಲ ಅಂದ್ರು."

"ಅವನ ಕೆಲಸ ಹೆಂಗಿತ್ರಿ?"

"ಕೆಲಸಕ್ಕ ಹೆಸರಿಡೂಹಂಗಿಲ್ಲ," ಎಂದರು ಸಾಹುಕಾರರು. ಸ್ವಲ್ಪ ತಡೆದು, "ಇನ್ನ ನಿಮ್ಮ ಸಾಲಿಯವ್ರನ್ನ ಕಳಸಬ್ಯಾಡ್ರಿ. ಅಮಾಸಿಗೊಮ್ಮೆ ಕರಕೊಂಡು ಬರ್ರಿ, ಎಲ್ಲಾರಿಗೂ ಊಟ ಹಾಕ್ತೇನಿ," ಎಂದರು.

ಅವರು ಮನಸ್ಸಿನಿಂದಲೇ ಹೇಳಿದರು. ಅದೇ ನನ್ನನ್ನು ಸುಟ್ಟಿತು. ಬೈದು ಕಳಿಸಿದ್ದರೆ ಜಗಳವಾಡಬಹುದಿತ್ತು.

ಟಿಕೋಟಾ

ಇಮಾಮ ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮಡಚಿದ ಜಮಖಾನೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೈ ತುಂಬಿಕೊಂಡಿತ್ತು. ನನ್ನ ದನಿ ಕೇಳಿ ಎದ್ದು ನಿಲ್ಲಲು ಹೋದ; ಅಷ್ಟರಲ್ಲಿ ಹುಸೇನಸಾಬ ಅಂಗಡಿಯಿಂದ ಬಂದವನು ಅವನ ರಟ್ಟೆ ಹಿಡಿದು ಕೂಡಿಸಿದ. ಖಾತೂನ ಯಾರೂ ಕೇಳದೆಯೇ ನೀರಿನ ತಂಬಿಗೆ ತಂದು ಅವನ ಕೈಗೇ ಕೊಟ್ಟಳು. ಅವನಿಗೆ ಬಾಯಾರಿಕೆ ಆಗುವುದಕ್ಕೂ ಆ ಮನೆಯಲ್ಲಿ ಪುರಸೊತ್ತು ಕೊಡುತ್ತಿರಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ದಬ್ಬಣ ಹಿಡಿದು ಬೆರಳ ತುದಿಗೆ ಕಟ್ಟಿದ್ದ ಜಡ್ಡು ಆಗಲೇ ಮೆತ್ತಗಾಗುತ್ತಿತ್ತು.

"ಯಾಕ ಬಿಡಸಿದೆಪ್ಪ?" ಎಂದು ನಾನು ನೇರವಾಗಿಯೇ ಹುಸೇನಸಾಬನನ್ನು ಕೇಳಿದೆ.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ ಅಕ್ಕೋರ. ನೀವು ಚಲೋದಕ್ಕ ಮಾಡಿದ್ರಿ. ಆದ್ರ ಅಂದು ಸತ್ಕಾರದಾಗ ಇಂವ ಏನಂದ ಕೇಳಿದ್ರಿಲ್ಲೊ? ತನ್ನ ದುಡಿಮ್ಯಾಗ ಒಲಿ ಹತ್ತತೈತಿ ಅಂದ. ಮರುದಿನದಿಂದ ಬಜಾರದಾಗ ನನ್ನ ಕಂಡ್ರ ಸಾಕು, 'ಹುಸೇನ, ತಮ್ಮನ ಪಗಾರ ಆತೇನು?' ಅಂತ ಕೇಳಾಕ ಹತ್ತಿದ್ರು. ಚಾಷ್ಟಿ ಮಾಡ್ತಾರ, ನಗಲಿ ಬಿಡು ಅಂತ ನುಂಗಿಕೊಂಡೆ. ಆಮ್ಯಾಲೆ ಬಬಲೇಶ್ವರದ ಮೌಲಾಸಾಬರು ತಮ್ಮ ಮಗಗ ನಮ್ಮ ಖಾತೂನನ್ನ ನೋಡಾಕ ಬಂದ್ರು. ಎರಡೂ ಊರ ಹಿರ್ಯಾರು ಕುಂತಾರ. ಚಾ ಕುಡಕೋತ ಮೌಲಾಸಾಬರು ಅಂದ್ರು: ನಿಮ್ಮ ಕುರುಡ ತಮ್ಮ ದುಡದು ಮನಿ ನಡಸ್ತಾನಂತಲ್ಲ. ಭೂಮಿ ಬಾಯಿ ಬಿಟ್ರ ಒಳಗ ಹೋಗಿಬಿಡತಿದ್ದೆ. ಎದ್ದು ನಿಂತು ಹಿರ್ಯಾರ ಮುಂದ ಮಾತು ಕೊಟ್ಟೆ. ನಾ ಜೀವಂತ ಇರೂತನಕ ನನ್ನ ತಮ್ಮ ಯಾರ ಚಾಕರಿನೂ ಮಾಡೂದಿಲ್ಲ ಅಂತ. ಆಮ್ಯಾಲೇ ಮದುವಿ ಗಟ್ಟಿ ಆತು."

"ಅವನಿಗೆ ಕೇಳಿದ್ಯೇನು?"

"ಕೇಳೂದೇನ್ರಿ? ಅಪ್ಪ ಸಾಯುಮುಂದ ಇವನ ಕೈ ನನ್ನ ಕೈಯಾಗ ಇಟ್ಟು ಹೋಗ್ಯಾನ. ಕಣ್ಣಿಲ್ಲದ ತಮ್ಮನ ಕೂಳು ತಿನ್ನಾಕ ನನ್ನ ಕೈಕಾಲು ಬಿದ್ದಾವೇನ್ರಿ?" ಅವನು ತಮ್ಮನ ಹೊಸ ಅಂಗಿಯ ಕಾಲರು ಸರಿಮಾಡಿದ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು!

ಹುಸೇನಸಾಬ ಚಹಾ ತರಲು ಹೊರಗೆ ಹೋದಾಗ ಖಾತೂನ ಬಾಗಿಲ ಮರೆಯಿಂದ ಪಿಸುಗುಟ್ಟಿದಳು: "ಚಾಕರಿ ಬಿಡಸಿ ಮಾಡೂ ಈ ಮದುವಿ ನಾ ಒಲ್ಲೆ ಅಂದೆರಿ ಅಕ್ಕೋರ. ಇಮಾಮಭಾಯಿ ನನ್ನ ಬಾಯಿ ಮ್ಯಾಲೆ ಕೈ ಇಟ್ಟ."

ಇಮಾಮ ಮಾತು ಬದಲಿಸಿದ. "ಅಲ್ಲಿ ನಮ್ಮಂಥಾವ್ರು ಹೆಂಗಿರ್ತಾರ್ರಿ?" ಎಂದು ಕೇಳಿದ. ನಾನು ಟಾಮನ ಉಪ್ಪಿನ ಚಹಾದ ಕತೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ, "ಗಿರಣ್ಯಾಗ ಒಮ್ಮೆ ನಾ ಚೀಲ ಸೊಟ್ಟ ಹೊಲದಿದ್ದೆರಿ," ಎಂದ. "ಹಿಂಡಿ ಎಲ್ಲಾ ಚೆಲ್ಲಿತು. ಒಬ್ಬ ಹಮಾಲ ನನಗ ಅವ್ವ ಅಪ್ಪ ಹಿಡದು ಬೈದ. ಉಳದಾವ್ರು ಅವನ ಮ್ಯಾಲೇ ಏರಿ ಹೋದ್ರು. ಪಾಪ, ಅಂವ ಮತ್ತೆಂದೂ ಬೈಯಲಿಲ್ಲ. ಅಂವ ಬೈದಾಗ ನನಗ ಭಾಳ ಖುಷಿ ಆಗಿತ್ತು ನೋಡ್ರಿ."

ಹಿರಿಯರ ಮುಂದೆ ಕೊಟ್ಟ ಮಾತನ್ನು ಬಿಡಿಸಬಲ್ಲವರು ಒಬ್ಬರೇ, ಬೀಗರಾಗುವ ಮೌಲಾಸಾಬರು. ನಾನು ಮಾರನೆಯ ದಿನವೇ ಬಬಲೇಶ್ವರದ ಬಸ್ಸು ಹತ್ತಿದೆ.

ಬಬಲೇಶ್ವರ

ಮೌಲಾಸಾಬರದು ಜೋಳದ ವ್ಯಾಪಾರ. ಬಿಳಿ ಗಡ್ಡ, ಸಣ್ಣ ದನಿ. ಅಂಗಡಿಯ ಮುಂದೆ ಚೀಲಗಳ ಮೇಲೆ ಕೂತಿದ್ದವರು ನನ್ನನ್ನು ಕಂಡು ಎದ್ದು ಜಾಗ ಕೊಟ್ಟರು. ಜಗಳಕ್ಕೆಂದೇ ಸೊಂಟ ಕಟ್ಟಿ ಹೋಗಿದ್ದವಳಿಗೆ ಜಗಳದ ಎಳೆಯೇ ಸಿಗಲಿಲ್ಲ. ನನ್ನ ಮಾತೆಲ್ಲ ಕೇಳಿ ಅವರು ಬೆರಗಾಗಿ ನನ್ನನ್ನೇ ನೋಡಿದರು.

"ಯಾ ಅಲ್ಲಾ! ನಾ ಹೊಗಳಿದ್ದೆರಿ ಅಕ್ಕೋರ. ಅಂಥಾ ಹುಡುಗ ದುಡಿತಾನಂದ್ರ ಮನಿತನ ಚಲೋ ಐತಿ ಅಂತ ಹೊಗಳಿದ್ದೆ. ಹುಸೇನ ಹಂಗ ಎದ್ದು ನಿಂತು ಮಾತು ಕೊಟ್ಟ ಮ್ಯಾಲೆ ಹಿರ್ಯಾರೆಲ್ಲಾ ಭಲೆ ಭಲೆ ಅಂದ್ರು. ನಾ ಏನು ಅನ್ಲಿ? ನಾನೂ ಭಲೆ ಅಂದೆ."

ನನಗೆ ತಲೆಯ ಮೇಲೆ ಕೈ ಹೊತ್ತು ಕೂಡುವಂತಾಯಿತು. ಒಂದು ಹೊಗಳಿಕೆ, ಅದಕ್ಕೆ ಒಂದು ಅವಮಾನ, ಅದರ ಮೇಲೊಂದು ಭಲೆ. ಇಷ್ಟರಲ್ಲಿ ಒಬ್ಬನ ಬಾಳು ಗೋಡೆಗೆ ಒರಗಿ ಕೂತಿತು. ಆದರೆ ಹೊಗಳಿದ್ದೇ ನಿಜವಾದರೆ ಬಿಡಿಸುವುದೂ ಸುಲಭವಲ್ಲವೇ ಎಂಬ ಆಸೆ ಚಿಗುರಿತು. ಹುಸೇನಸಾಬನನ್ನು ಆ ಮಾತಿನಿಂದ ಬಿಡುಗಡೆ ಮಾಡಿ ಎಂದು ಬೇಡಿಕೊಂಡೆ. ಮೌಲಾಸಾಬರು ಒಂದು ಗಳಿಗೆ ಯೋಚಿಸಿ, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, "ನಡೀರಿ, ನಾನೇ ಬಂದು ಹೇಳ್ತೇನಿ," ಎಂದು ಎದ್ದರು. ಬಸ್ಸಿನಲ್ಲಿ ಕೂತಾಗ ನಾನು ಆಗಲೇ ಎಣ್ಣೆ ಗಿರಣಿಯ ಸಾಹುಕಾರರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಇಂಗ್ಲೆಂಡಿಗೆ ಹೋಗಿಬಂದದ್ದು ಸಾರ್ಥಕವಾಗುತ್ತದೆ ಅನ್ನಿಸಿತು.

ಮತ್ತೆ ಟಿಕೋಟಾ

ಬೀಗರಾಗುವವರು ಹೇಳದೆ ಬಂದದ್ದಕ್ಕೆ ಮನೆಯಲ್ಲಿ ಗಡಿಬಿಡಿಯಾಯಿತು. ಮೌಲಾಸಾಬರು ಚಹಾ ಮುಟ್ಟದೆ ಮೊದಲು ಮಾತು ತೆಗೆದರು.

"ಹುಸೇನ, ಅಂದು ನೀ ಹಿರ್ಯಾರ ಮುಂದ ಕೊಟ್ಟ ಮಾತು ನಾ ನಿನಗ ತಿರುಗಿ ಕೊಡ್ತೇನಿ. ನಾ ನಿನ್ನ ತಮ್ಮನ್ನ ಹೊಗಳಿದ್ದೆ, ಹಂಗಿಸಿರಲಿಲ್ಲ. ಅಂವ ದುಡ್ಯಾಕ ಹೋಗ್ಲಿ. ಮದುವಿಗೇನೂ ಧಕ್ಕಿ ಇಲ್ಲ."

ಹುಸೇನಸಾಬನ ಮುಖ ಸಣ್ಣದಾಯಿತು. ಆಮೇಲೆ ನನ್ನ ಕಡೆ ನೋಡಿ, "ಅವನ್ನ ಕೇಳ್ರಿ ಅಕ್ಕೋರ. ಅಂವ ಹೋಗ್ತೇನಿ ಅಂದ್ರ ನಾನೇ ನಾಳೆ ಬಸ್ಸು ಹತ್ತಸ್ತೇನಿ," ಎಂದ.

ನಾನು ಇಮಾಮನ ಕಡೆ ತಿರುಗಿದೆ. ಎಲ್ಲ ಬಾಗಿಲೂ ತೆರೆದಿದ್ದವು. ಹೂಂ ಎಂದರೆ ಸಾಕಿತ್ತು.

"ಒಲ್ಲೆರಿ," ಎಂದ ಇಮಾಮ. "ಮನ್ಯಾಗ ಆರಾಮ ಅದೇನಿ. ಚಾಕರಿ ಯಾರಿಗೆ ಬೇಕಾಗೈತ್ರಿ?"

ಹುಸೇನಸಾಬ ಜೋರಾಗಿ ನಕ್ಕು, "ಕೇಳಿದ್ರೇನ್ರಿ?" ಎಂದ. ಮೌಲಾಸಾಬರೂ ನಕ್ಕರು. ಚಹಾ ಬಂತು, ಬಿಸ್ಕೀಟು ಬಂತು, ಮಾತು ಮದುವೆಯ ಕಡೆ ಹೊರಳಿತು. ನಾನು ಚಹಾದ ಬಟ್ಟಲನ್ನು ನೆಲದ ಮೇಲಿಟ್ಟೆ. ಇವನಿಗಾಗಿ ನಾನು ಊರೂರು ಅಲೆದೆನಲ್ಲ, ಇವನೇ ಹೀಗೆಂದನಲ್ಲ ಎಂದು ಅವನ ಮೇಲೆ ವಿಪರೀತ ಸಿಟ್ಟು ಬಂತು.

ಹುಸೇನಸಾಬ ಬೀಗರನ್ನು ಬಸ್ಸಿಗೆ ಕಳಿಸಲು ಹೋದ. ನಾನೂ ಹೊರಟೆ. ಇಮಾಮ ಗೋಡೆ ಸವರುತ್ತ ಬಾಗಿಲ ತನಕ ಬಂದು ಚೌಕಟ್ಟು ಹಿಡಿದು ನಿಂತ.

"ಸುಳ್ಳ ಯಾಕ ಹೇಳ್ದೆ ಇಮಾಮ?" ಎಂದೆ.

"ಅವರು ಮಾತು ತಿರುಗಿ ಕೊಟ್ಟಾಗ ಅಣ್ಣನ ಉಸಿರು ನಿಂತಿತ್ರಿ ಅಕ್ಕೋರ. ನಾ ಒಲ್ಲೆ ಅಂದ ಮ್ಯಾಲೆ ಉಸಿರು ಬಿಟ್ಟ. ನಿಮಗ ಕೇಳ್ಸಿರಾಕಿಲ್ಲ, ನನಗ ಕೇಳಿಸ್ತು. ನಾ ದಿನಾ ಬಸ್ಸು ಹತ್ತಿದ್ರ ಅಂವ ದಿನಾ ತಲಿ ಕೆಳಗ ಹಾಕಿ ಅಂಗಡಿಗೆ ಹೋಗ್ಬೇಕು. ನನ್ನ ಸಾಕಿದಾಂವ ಅಂವ. ಅವನ ತಲಿ ಕೆಳಗ ಮಾಡಿ ನಾ ಎಲ್ಲಿ ಹೋಗ್ಲಿ?"

ಮುಂದಿನ ವಾರ ಮತ್ತೆ ಬರುತ್ತೇನೆ, ವಾರ ವಾರ ಬರುತ್ತೇನೆ, ಒಂದಲ್ಲ ಒಂದು ದಿನ ಅಣ್ಣನ ಮನಸ್ಸು ತಿರುಗೀತು ಎಂದು ಹೇಗೋ ಹೇಳಿದೆ.

ಅವನು ತಲೆಯಲ್ಲಾಡಿಸಿದ.

"ದಬ್ಬಣ ಹಿಡಿಯೂದು ಮರತು ಹೋದೀತಂತ ಮದಲ ಭಾಳ ಹೆದರಿಕಿ ಆಗತಿತ್ರಿ. ಕುಂತಲ್ಲೆ ಬೆರಳು ಆಡಿಸ್ಕೋತ ಇರತಿದ್ದೆ. ಈಗ ಲಗೂನ ಮರೀಲಿ ಅಂತ ಬೇಡಿಕೋತೇನಿ. ನೀವು ಬಂದ್ರ ನೆನಪಾಗತೈತಿ. ಬರಬ್ಯಾಡ್ರಿ ಅಕ್ಕೋರ."

ಆಗಲಿ ಎಂದೆ. ಟಿಕೋಟಾಕ್ಕೆ ನಾನು ಮತ್ತೆ ಹೋಗಿಲ್ಲ.